‘ಸಾಮರ್ಥ್ಯ’ ಎಂಬ ಪದ ಮತ್ತು ಪವರ್ ಸ್ಟೇಷನ್‌ನ ಆಯ್ಕೆ

ಹೊಸೂರು–ರಾಯಕೋಟೆ ದಾರಿಯ ಸಾನಮಾವು, ಮೀಸಲು ಅರಣ್ಯದ ಅಂಚಿನ ಊರು. ರಾಗಿ ಮಾಗುವ ಕಾಲಕ್ಕೆ ಕಾಡಾನೆಗಳು ಈ ಭಾಗಕ್ಕೆ ಬರುವುದುಂಟು. ಅಂತಹ ರಾತ್ರಿ ಕರೆಂಟು ಹೋದಾಗ ಅಂಗಳದ ದೀಪ ಉರಿಯುವುದೂ ಮೊಬೈಲಿನಲ್ಲಿ ಚಾರ್ಜ್ ಉಳಿದಿರುವುದೂ ಜೀವರಕ್ಷಣೆಯ ವಿಷಯ. ಬ್ಯಾಟರಿ ಹಾಗೂ ಇನ್ವರ್ಟರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿದ ಪೋರ್ಟಬಲ್ ಪವರ್ ಸ್ಟೇಷನ್ ಇಂತಹ ಮನೆಗೆ ಉಪಯುಕ್ತ. ಆದರೆ ಅದರ ಆಯ್ಕೆಯಲ್ಲಿ ಒಂದು ಪದವೇ ತೊಡಕಾಗುತ್ತದೆ.

ವಿಜ್ಞಾನದ ಪಠ್ಯಗಳಲ್ಲಿ ‘ಸಾಮರ್ಥ್ಯ’ವೆಂದರೆ ಕೆಲಸ ನಡೆಯುವ ದರ, ಅದರ ಮಾನ ವ್ಯಾಟ್. ಬಳಕೆಯ ಮಾತಿನಲ್ಲಾದರೋ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿಯೂ ‘ಸಾಮರ್ಥ್ಯ’ವೇ, ಅದರ ಮಾನ ವ್ಯಾಟ್-ಗಂಟೆ. ಸಾವಿರ ವ್ಯಾಟ್-ಗಂಟೆ ಸೇರಿದರೆ ಕರೆಂಟು ಬಿಲ್ಲಿನ ಒಂದು ಯೂನಿಟ್. ತೊಟ್ಟಿಯಲ್ಲಿರುವ ನೀರು ಬೇರೆ, ನಲ್ಲಿಯಿಂದ ಒಮ್ಮೆಗೆ ಹರಿಯಬಲ್ಲ ನೀರು ಬೇರೆ.

300 ವ್ಯಾಟ್-ಗಂಟೆ ಸಂಗ್ರಹವಿದ್ದು, 200 ವ್ಯಾಟ್ ಮಾತ್ರ ನೀಡಬಲ್ಲ ಪೆಟ್ಟಿಗೆಯೊಂದನ್ನು ಗಮನಿಸಬಹುದು. 500 ವ್ಯಾಟಿನ ಮಿಕ್ಸಿ ಎರಡು ನಿಮಿಷ ತಿರುಗಲು ಸುಮಾರು 17 ವ್ಯಾಟ್-ಗಂಟೆ ಸಾಕು. ಆದರೂ ಆ ಪೆಟ್ಟಿಗೆಯಿಂದ ಮಿಕ್ಸಿ ನಡೆಯದು. ತೊಟ್ಟಿ ತುಂಬಿದೆ, ನಲ್ಲಿ ಕಿರಿದು. ಮೋಟಾರುಳ್ಳ ಉಪಕರಣಗಳು ಆರಂಭದ ಕ್ಷಣದಲ್ಲಿ ತಮ್ಮ ಮೇಲೆ ಬರೆದುದಕ್ಕಿಂತ ಹೆಚ್ಚು ವ್ಯಾಟ್ ಬೇಡುತ್ತವೆಂಬುದನ್ನೂ ಮರೆಯಬಾರದು.

ಆದುದರಿಂದ ಲೆಕ್ಕ ಮನೆಯ ಅಗತ್ಯದಿಂದ ಆರಂಭವಾಗಬೇಕು. ನಾಲ್ಕು ಗಂಟೆ ಕರೆಂಟಿಲ್ಲವೆಂದುಕೊಂಡರೆ, 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬುಗಳಿಗೆ 72, ಕಡಿಮೆ ವಿದ್ಯುತ್ ಬಳಸುವ 30 ವ್ಯಾಟಿನ ಫ್ಯಾನಿಗೆ 120, ಎರಡು ಮೊಬೈಲುಗಳಿಗೆ ಸುಮಾರು 30. ಒಟ್ಟು 222 ವ್ಯಾಟ್-ಗಂಟೆ. ಇನ್ವರ್ಟರಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ನಷ್ಟವಾಗುವುದರಿಂದ ನೂರರಲ್ಲಿ 85 ಭಾಗ ಮಾತ್ರ ಕೈಗೆ ಬರುತ್ತದೆಂದು ಎಣಿಸುವುದು ಕ್ಷೇಮ. ಆಗ 300 ವ್ಯಾಟ್-ಗಂಟೆಯ ಪೆಟ್ಟಿಗೆಯಿಂದ 255 ದೊರೆತು ರಾತ್ರಿ ಕಳೆಯುತ್ತದೆ. ಫ್ಯಾನು 75 ವ್ಯಾಟಿನ ಹಳೆಯದಾದರೆ ಅದೊಂದಕ್ಕೇ 300 ಬೇಕಾಗುತ್ತದೆ, ಲೆಕ್ಕ ಕೆಡುತ್ತದೆ.

ಕೆಲವು ಪೆಟ್ಟಿಗೆಗಳ ಮೇಲೆ ‘80,000 ಮಿಲಿಆಂಪಿಯರ್-ಗಂಟೆ’ ಎಂಬ ದೊಡ್ಡ ಅಂಕಿ ಇರುತ್ತದೆ. ಅದನ್ನು ಸಾವಿರದಿಂದ ಭಾಗಿಸಿ, ಬ್ಯಾಟರಿ ಕೋಶದ ವೋಲ್ಟೇಜಿನಿಂದ ಗುಣಿಸಬೇಕು. ಆ ವೋಲ್ಟೇಜು 3.7 ಆದರೆ ಬರುವುದು 296 ವ್ಯಾಟ್-ಗಂಟೆ; ಅಂಕಿ ಹಿಗ್ಗಿದರೂ ಶಕ್ತಿ ಹಿಗ್ಗಿಲ್ಲ.

ಕೊನೆಯದಾಗಿ ಬಾಳಿಕೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕದಲ್ಲಿ ತುಸು ಹೆಚ್ಚು. ಆದರೆ ಸಾವಿರಾರು ಬಾರಿ ಚಾರ್ಜ್ ಮಾಡಿದರೂ ತಾಳಿಕೊಳ್ಳುತ್ತದೆ, ಬಿಸಿಯನ್ನೂ ಹೆಚ್ಚು ಸಹಿಸುತ್ತದೆ. ನಿತ್ಯ ಹೊತ್ತು ತಿರುಗದೆ ಮನೆಯಲ್ಲೇ ಇಡುವವರಿಗೆ ಅದೇ ಲೇಸು. ಅಂಗಡಿಯಲ್ಲಿ ‘ಸಾಮರ್ಥ್ಯವೆಷ್ಟು’ ಎಂದು ಕೇಳುವವರಿಗೆ ಒಂದೇ ಅಂಕಿ ಸಿಗುತ್ತದೆ. ‘ಎಷ್ಟು ವ್ಯಾಟ್, ಎಷ್ಟು ವ್ಯಾಟ್-ಗಂಟೆ’ ಎಂದು ಕೇಳುವವರಿಗೆ ಬೇಕಾದ ಎರಡೂ ಸಿಗುತ್ತವೆ.