ಮನೆಯಲ್ಲೇ ಮಾಡೋಣ ಪುದೀನ-ಲಿಂಬೆ ಶರಬತ್ತು

ಜ್ಯೂಸ್ ಅಂಗಡಿಗಳಲ್ಲಿ ಈಗ ‘ಮೊಜಿಟೊ’ ಎಂಬ ಹೆಸರು ಸಾಮಾನ್ಯ. ಕ್ಯೂಬಾದ ಮೂಲ ಮೊಜಿಟೊಗೆ ರಮ್ ಎಂಬ ಮದ್ಯ ಬೆರೆಸುತ್ತಾರೆ. ಅದು ನಮಗೆ ಹರಾಮ್. ಆದರೆ ಅದರ ಘಮ, ಹುಳಿ ಬರುವುದು ಪುದೀನ, ಲಿಂಬೆಗಳಿಂದಲೇ. ಮನೆಯಲ್ಲೇ ಮಾಡಿದರೆ ಸಂಶಯಕ್ಕೆ ಎಡೆಯಿಲ್ಲ.

2 ಲೋಟಕ್ಕೆ 12 ಪುದೀನ ಎಲೆ, 6 ಸಣ್ಣ ಚಮಚ ಸಕ್ಕರೆ, 1 ಲಿಂಬೆಹಣ್ಣು, ಚಿಟಿಕೆ ಉಪ್ಪು ಸಾಕು. ತೊಳೆದ ಎಲೆಗಳನ್ನು ಸಕ್ಕರೆಯೊಂದಿಗೆ ಸೌಟಿನಿಂದ ಮೆಲ್ಲಗೆ ಜಜ್ಜಿ. ಮಿಕ್ಸಿಯಲ್ಲಿ ಅರೆದರೆ ಕಹಿಯಾಗುತ್ತದೆ. ಉಪ್ಪು, ಲಿಂಬೆರಸ, ತಣ್ಣೀರು ಸೇರಿಸಿ ಕದಡಿ, ಸೋಸಿ. ಲಿಂಬೆ ಸಿಪ್ಪೆಯನ್ನು ಅದರಲ್ಲೇ ಬಿಡಬೇಡಿ, ಅದೂ ಕಹಿ.

ಇಫ್ತಾರ್‌ಗಾದರೆ ಸೋಡಾ ಬೇಡ, ಖಾಲಿ ಹೊಟ್ಟೆ ಉಬ್ಬರಿಸುತ್ತದೆ. ಉಪವಾಸವಿದ್ದವರು ರುಚಿ ನೋಡದೆ ಮಾಡುವುದರಿಂದ ಅಳತೆ ತಪ್ಪದಿರಲಿ. ಖರ್ಜೂರ, ನೀರಿನ ಬಳಿಕ ಒಂದು ಲೋಟ ಕುಡಿಯಿರಿ.