ಚಾಮುಂಡಿ ಬೆಟ್ಟಕ್ಕೆ ಮುಖ ಮಾಡಿದ ತಾರಸಿಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳೆಯ ಮನೆಗಳ ಮೇಲೆ ಇನ್ನೂ ಅಲ್ಲೊಂದು ಇಲ್ಲೊಂದು ಟಿ.ವಿ. ಆಂಟೆನಾ ಉಳಿದಿದೆ. ಗಾಳಿಗೆ ತಿರುಗಿಹೋಗಿರದಿದ್ದರೆ ಅವೆಲ್ಲ ಹೆಚ್ಚಾಗಿ ಒಂದೇ ಜಾಗವನ್ನು ನೋಡುತ್ತವೆ. ಪಾಂಡವಪುರದವು ನೇರ ದಕ್ಷಿಣಕ್ಕೆ, ಶ್ರೀರಂಗಪಟ್ಟಣ ಮತ್ತು ನಾಗಮಂಗಲದವು ದಕ್ಷಿಣದಿಂದ ತುಸು ಪಶ್ಚಿಮಕ್ಕೆ ಹೊರಳಿ, ಕೆ.ಆರ್. ಪೇಟೆಯವು ಆಗ್ನೇಯದತ್ತ ವಾಲಿ. ಗೆರೆ ಎಳೆದರೆ ಎಲ್ಲವೂ ಹೋಗಿ ಸೇರುವುದು ಚಾಮುಂಡಿ ಬೆಟ್ಟದ ಮೇಲಿನ ದೂರದರ್ಶನದ ಗೋಪುರಕ್ಕೆ.

ಈ ಆಂಟೆನಾಗಳನ್ನು ಕಟ್ಟಿದವರು, ಕೆಟ್ಟಾಗ ಏಣಿ ಹತ್ತಿ ಸರಿ ಮಾಡಿಕೊಟ್ಟವರು ರೇಡಿಯೊ ರಿಪೇರಿ ಅಂಗಡಿಯವರು, ವೈರಿಂಗ್ ಕೆಲಸದವರು, ಐ.ಟಿ.ಐ. ಮುಗಿಸಿದ ಹುಡುಗರು. ಸಿಗ್ನಲ್ ಅಳೆಯುವ ಮೀಟರು ಅವರ ಬಳಿ ಇದ್ದದ್ದು ಅಪರೂಪ. ಸ್ಪ್ಯಾನರು, ಕಟಿಂಗ್ ಪ್ಲೇಯರು, ಟೇಪು, ಜೊತೆಗೆ ಸುತ್ತಲಿನ ಬೆಟ್ಟಗುಡ್ಡಗಳ ತಿಳಿವಳಿಕೆ, ಇಷ್ಟೇ ಅವರ ಸಾಮಗ್ರಿ. ನಾಡಿ ನೋಡುವ ಪಂಡಿತರಂತೆ ಅವರು ಪರದೆ ನೋಡಿ ರೋಗ ಹೇಳುತ್ತಿದ್ದರು. ಈ ವಿದ್ಯೆ ಬರಹಕ್ಕೆ ಬಂದದ್ದು ಬಹಳ ಕಡಿಮೆ. ಬಲ್ಲವರು ನಮ್ಮ ನಡುವೆ ಇರುವಾಗಲೇ ಅದನ್ನು ಬರೆದಿಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕರ್ನಾಟಕದ ಹಳ್ಳಿಗಳು ಟಿ.ವಿ. ಕಂಡದ್ದು ಮೊದಲು ಉತ್ತರದಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ತಂತಿಬಲೆಯ ದೊಡ್ಡ ಡಿಶ್ ಇಟ್ಟು ಅಮೆರಿಕದ ಉಪಗ್ರಹದಿಂದ ನೇರವಾಗಿ ಚಿತ್ರ ಪಡೆದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ಮೇಲೆ, 1984ರಲ್ಲಿ ದೇಶದ ಉದ್ದಗಲಕ್ಕೂ ಮರುಪ್ರಸಾರ ಕೇಂದ್ರಗಳು ಎದ್ದವು. ಆ ಉಪಗ್ರಹವನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದದ್ದು ಕೆ.ಆರ್. ಪೇಟೆಯಿಂದ ಪಕ್ಕದ ಜಿಲ್ಲೆಗೆ ಹೋದರೆ ಸಿಗುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ದೆಹಲಿಯ ಕಾರ್ಯಕ್ರಮ ಆಕಾಶಕ್ಕೆ ಹೋಗಿ, ಮರುಪ್ರಸಾರ ಕೇಂದ್ರದ ಡಿಶ್‌ಗೆ ಇಳಿದು, ಮತ್ತೆ ಗಾಳಿಯಲ್ಲಿ ಹೊರಟು ತಾರಸಿಗೆ ಬರುತ್ತಿತ್ತು. 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದ ಮೇಲಂತೂ ಭಾನುವಾರ ಬೆಳಿಗ್ಗೆ ಚಿತ್ರ ಕೈಕೊಟ್ಟರೆ ಬೀದಿಯ ಜನವೆಲ್ಲ ಒಂದೇ ಮನೆಯ ಮಾಡಿನತ್ತ ನೋಡುವಂತಾಯಿತು.

ತಾರಸಿಯ ಮೇಲಿದ್ದದ್ದು ಯಾಗಿ ಆಂಟೆನಾ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂಟಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಲೋಕಕ್ಕೆ ತಿಳಿಸಿದ ವಿನ್ಯಾಸ ಇದು. ಹಿಂದೆ ಒಂದು ಉದ್ದದ ಕಡ್ಡಿ, ಅದರ ಮುಂದೆ ವೈರ್ ಜೋಡಿಸುವ ಮಡಚಿದ ಕಡ್ಡಿ, ಅದರ ಮುಂದೆ ಕ್ರಮವಾಗಿ ಗಿಡ್ಡವಾಗುವ ಕಡ್ಡಿಗಳು. ಗಿಡ್ಡ ಕಡ್ಡಿಯ ತುದಿ ಗೋಪುರದ ಕಡೆಗಿರಬೇಕು. ಕಡ್ಡಿಯ ಉದ್ದವನ್ನು ಚಾನೆಲ್ ನಿರ್ಧರಿಸುತ್ತದೆ. 60 ಮೆಗಾಹರ್ಟ್ಸ್ ಆಸುಪಾಸಿನ ಕೆಳ ಚಾನೆಲ್ಲಿಗೆ ಸುಮಾರು ಎರಡೂವರೆ ಮೀಟರ್ ಬೇಕು, 200 ಮೆಗಾಹರ್ಟ್ಸ್ ಸುತ್ತಲಿನ ಮೇಲಿನ ಚಾನೆಲ್ಲಿಗೆ ಮುಕ್ಕಾಲು ಮೀಟರ್ ಸಾಕು. ಒಂದು ಊರಿನ ಆಂಟೆನಾವನ್ನು ಬಿಚ್ಚಿ ತಂದು ಇನ್ನೊಂದು ಊರಲ್ಲಿ ಕಟ್ಟಿ ಚಿತ್ರ ಬರಲಿಲ್ಲವೆಂದು ಪರದಾಡಿದ ಮನೆಗಳ ತೊಂದರೆಗೆ ಎಷ್ಟೋ ಸಲ ಇದೇ ಕಾರಣ.

ಚಾಮುಂಡಿ ಬೆಟ್ಟ ಸುತ್ತಲಿನ ಬಯಲಿಗಿಂತ ಸುಮಾರು 300 ಮೀಟರ್ ಎತ್ತರ. ಅಷ್ಟು ಎತ್ತರದಿಂದ ಹೊರಟ ಅಲೆಗೆ ಭೂಮಿಯ ಬಾಗು ಅಡ್ಡ ಬರುವುದು 70 ಕಿಲೋಮೀಟರ್ ಆಚೆ. ಹತ್ತು ಮೀಟರ್ ಕಂಬ ನೆಟ್ಟರೆ ಇನ್ನೂ ಹದಿಮೂರು ಕಿಲೋಮೀಟರ್ ಸೇರಿಸಿಕೊಳ್ಳಬಹುದು. ಗೆರೆ ಎಳೆದಂತೆ ಅಳೆದರೆ ಶ್ರೀರಂಗಪಟ್ಟಣ 17, ಪಾಂಡವಪುರ 25, ಕೆ.ಆರ್. ಪೇಟೆ 47, ನಾಗಮಂಗಲ 60 ಕಿಲೋಮೀಟರ್ ಆಸುಪಾಸು. ಲೆಕ್ಕದ ಪ್ರಕಾರ ನಾಲ್ಕೂ ಪಟ್ಟಣಗಳು ದೃಷ್ಟಿಯೊಳಗೇ ಇವೆ. ಆದರೆ ಲೆಕ್ಕಕ್ಕೆ ಬೆಟ್ಟ ಕಾಣಿಸುವುದಿಲ್ಲ. ಮೇಲುಕೋಟೆ ಬೆಟ್ಟದ ನೆತ್ತಿಯ ಮೇಲೆ ನಿಂತವರಿಗೆ ದಕ್ಷಿಣವೆಲ್ಲ ತೆರೆದಿದ್ದರೆ, ಅದೇ ಬೆಟ್ಟದ ಉತ್ತರದ ಮಗ್ಗುಲಿಗೆ ಅಂಟಿಕೊಂಡ ಹಳ್ಳಿ ನೆರಳಿನಲ್ಲಿ ಕೂತಿರುತ್ತದೆ. ಬೆಟ್ಟದ ಬುಡದಿಂದ ಸ್ವಲ್ಪ ದೂರ ಸರಿದ ಹಳ್ಳಿಗೆ ಚಿತ್ರ ಬರುತ್ತಿತ್ತು, ಬುಡದಲ್ಲೇ ಇರುವ ಹಳ್ಳಿಗೆ ಬರುತ್ತಿರಲಿಲ್ಲ. ಅಲ್ಲಿ ಕಂಬ ಎತ್ತರಿಸಿ ಫಲವಿರಲಿಲ್ಲ. ಹೊಲದ ದಿಬ್ಬಕ್ಕೆ ಆಂಟೆನಾ ಒಯ್ದು ಅಲ್ಲಿಂದ ವೈರ್ ಎಳೆಯಬೇಕಿತ್ತು. ನಾಗಮಂಗಲದ ಕಡೆ ಇನ್ನೊಂದು ತೊಡಕು: ದೂರ ಹೆಚ್ಚಾದಂತೆ ಅಲೆ ಬಡವಾಗುತ್ತದೆ. ಆಗ ಪರದೆ ತುಂಬ ಚುಕ್ಕೆ, ನಮ್ಮವರ ಮಾತಿನಲ್ಲಿ ಗ್ರೇನ್ಸ್.

ಗ್ರೇನ್ಸ್ ಬಂತೆಂದರೆ ಜನ ಬೂಸ್ಟರ್ ತರುತ್ತಿದ್ದರು, ತಂದು ಟಿ.ವಿ. ಪಕ್ಕದಲ್ಲೇ ಇಡುತ್ತಿದ್ದರು. ಅದು ತಪ್ಪು ಜಾಗ. ಉದ್ದದ ವೈರಿನಲ್ಲಿ ಸಿಗ್ನಲ್ ಸೊರಗಿ ಬಂದ ಮೇಲೆ ವರ್ಧಿಸಿದರೆ ಚಿತ್ರದ ಜೊತೆ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ. ಬೂಸ್ಟರ್ ಕಂಬದ ಮೇಲೆ, ಆಂಟೆನಾದ ಪಕ್ಕದಲ್ಲೇ ಇರಬೇಕು. ಅನುಭವಸ್ಥರು ಅದಕ್ಕೂ ಮೊದಲು ನೋಡುತ್ತಿದ್ದದ್ದು ಮಡಚಿದ ಕಡ್ಡಿಯ ಎರಡು ಬೋಲ್ಟುಗಳನ್ನು. ಅಲ್ಲಿ ತಾಮ್ರದ ಎಳೆ ಕಪ್ಪಗಾಗಿ, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಉಜ್ಜಿ ಬಿಗಿ ಮಾಡಿದರೆ ಅರ್ಧ ಕಾಯಿಲೆ ಹೋಯಿತು. ಆಂಟೆನಾದಿಂದ ಟಿ.ವಿ.ಗೆ ಇಳಿಯುವ ಪಟ್ಟಿ ವೈರನ್ನು ಕಬ್ಬಿಣದ ಕಂಬಕ್ಕೆ ಒತ್ತಿ ಕಟ್ಟಿದ್ದರೆ ಬಿಚ್ಚಿ, ನಾಲ್ಕು ಬೆರಳು ದೂರದಲ್ಲಿ ಹಾಯಿಸಬೇಕು; ಮಳೆಗೆ ನೆನೆದಾಗಲೂ ಅದರಲ್ಲಿ ಸಿಗ್ನಲ್ ಸೋರುತ್ತದೆ. ಮಳೆಗಾಲದಲ್ಲಿ ಮಾತ್ರ ಚಿತ್ರ ಕೆಡುತ್ತದೆಂದರೆ ದಿಕ್ಕು ತಿರುಗಿಸಲು ಹೋಗಬೇಡಿ, ವೈರ್ ನೋಡಿ.

ನನಗೆ ಅತ್ಯಂತ ಇಷ್ಟವಾದ ಭಾಗ ಪರದೆಯ ನೆರಳಿನದು. ಪರದೆಯ ಮೇಲೆ ಒಬ್ಬ ವಾರ್ತಾವಾಚಕರ ಬಲಕ್ಕೆ ಮಸುಕಾಗಿ ಇನ್ನೊಬ್ಬರು. ಗೋಪುರದಿಂದ ನೇರ ಬಂದ ಅಲೆ ಒಂದು, ಬಂಡೆಗೋ ಕಟ್ಟಡಕ್ಕೋ ಬಡಿದು ಸುತ್ತಿ ಬಂದ ಅಲೆ ಇನ್ನೊಂದು. ಸುತ್ತಿ ಬಂದದ್ದು ತಡವಾಗಿ ತಲುಪುತ್ತದೆ, ಆ ತಡವೇ ಪರದೆಯ ಮೇಲೆ ಅಂತರವಾಗಿ ಬೀಳುತ್ತದೆ. ಆ ಅಂತರವನ್ನು ಅಳೆಯಬಹುದು. ಇಪ್ಪತ್ತು ಇಂಚಿನ ಟಿ.ವಿ.ಯ ಅಗಲ ಸುಮಾರು 40 ಸೆಂಟಿಮೀಟರ್. ಒಂದು ಗೆರೆಯ ಚಿತ್ರ ಮೂಡಲು 52 ಮೈಕ್ರೋಸೆಕೆಂಡ್. ಒಂದು ಮೈಕ್ರೋಸೆಕೆಂಡಿನಲ್ಲಿ ಅಲೆ 300 ಮೀಟರ್ ಓಡುತ್ತದೆ. ಹಾಗಾದರೆ ನೆರಳು 8 ಮಿಲಿಮೀಟರ್ ಸರಿದಿದ್ದರೆ ಅಲೆ 300 ಮೀಟರ್ ಸುತ್ತಿ ಬಂದಿದೆ. ಮನೆಯ ಬೆನ್ನಿಗೆ ಒಂದು ಕಿಲೋಮೀಟರ್ ದೂರದಲ್ಲಿ ಕುಂತಿಬೆಟ್ಟದಂಥ ಬರಿಬಂಡೆಯ ಬೆಟ್ಟವಿದ್ದರೆ ಹೋಗಿಬರುವ ದಾರಿ ಎರಡು ಕಿಲೋಮೀಟರ್, ನೆರಳು ಐದು ಸೆಂಟಿಮೀಟರ್ ಆಚೆ. ನೆರಳು ಬೇರೆಯಾಗಿ ಕಾಣದೆ ಅಂಚು ಮಾತ್ರ ದಪ್ಪವಾಗಿದ್ದರೆ ಬೆಟ್ಟದ ಮೇಲೆ ತಪ್ಪು ಹೊರಿಸುವಂತಿಲ್ಲ. ಜೋಡಣೆ ಸರಿಯಿಲ್ಲದ ವೈರಿನೊಳಗೇ ಅಲೆ ಹಿಂದೆ ಮುಂದೆ ಓಡಾಡುತ್ತಿದೆ.

ನೆರಳು ತೆಗೆಯುವ ಉಪಾಯವೂ ನಾವು ಎಣಿಸಿದ್ದಕ್ಕೆ ತಿರುವುಮುರುವು. ಆಂಟೆನಾದ ಮುಂಭಾಗದ ನೋಟ ಅಗಲ, ಗೋಪುರದಿಂದ ಹತ್ತು ಹದಿನೈದು ಡಿಗ್ರಿ ತಿರುಗಿಸಿದರೂ ಚಿತ್ರ ಹೆಚ್ಚೇನೂ ಕುಗ್ಗುವುದಿಲ್ಲ. ಆದರೆ ಅದಕ್ಕೆ ಏನೂ ಕಾಣದ ಕೆಲವು ಮೂಲೆಗಳಿವೆ, ಅವು ಬಹಳ ಕಿರಿದು. ಸುತ್ತಿ ಬರುವ ಅಲೆಯನ್ನು ಆ ಕುರುಡು ಮೂಲೆಗೆ ಕೂರಿಸಬೇಕು. ಹೀಗಾಗಿ ಚಿತ್ರ ಹೆಚ್ಚು ಬರುವ ದಿಕ್ಕು ಬೇರೆ, ಚಿತ್ರ ಶುದ್ಧವಾಗಿ ಬರುವ ದಿಕ್ಕು ಬೇರೆ. ಬಲ್ಲವರು ಎರಡನೆಯದನ್ನೇ ಹುಡುಕುತ್ತಿದ್ದರು.

ಹುಡುಕಾಟಕ್ಕೆ ಮೂರು ಜನ ಬೇಕಿತ್ತು. ಮೇಲೊಬ್ಬ, ಬಾಗಿಲಲ್ಲೊಬ್ಬ, ಟಿ.ವಿ. ಮುಂದೊಬ್ಬ. 'ಬಂತೇನ್ಲಾ?' 'ಇಲ್ಲ ಕಣಣ್ಣ, ಇನ್ನೊಂಚೂರು ತಿರುಗ್ಸು.' 'ಈಗ?' 'ಹಾಂ, ಅಲ್ಲೇ ನಿಲ್ಸು!' ಕೈ ಬಿಟ್ಟು ಕೆಳಗಿಳಿಯುವಷ್ಟರಲ್ಲಿ ಚಿತ್ರ ಮತ್ತೆ ಮಾಯ. ಮನುಷ್ಯನ ಮೈಯೂ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಕಂಬ ಹಿಡಿದು ನಿಂತಾಗ ಅವನೂ ಆಂಟೆನಾದ ಒಂದು ಭಾಗ. ಆದ್ದರಿಂದ ನುರಿತವರು ತಿರುಗಿಸಿದ ಮೇಲೆ ಹಿಂದೆ ಸರಿದು, ಕೂತುಕೊಂಡು, ಆಮೇಲೆ ಕೇಳುತ್ತಿದ್ದರು. ಎರಡೂ ಕಡೆ ಚಿತ್ರ ಕೆಡುವವರೆಗೆ ತಿರುಗಿಸಿ ನಡುಮಧ್ಯಕ್ಕೆ ತಂದು ನಿಲ್ಲಿಸುವುದು ಅವರ ಇನ್ನೊಂದು ಕ್ರಮ. ಕಂಬ ಎತ್ತುವ ಮೊದಲು ಕರೆಂಟಿನ ತಂತಿ ಎಲ್ಲಿ ಹಾದಿದೆ ಎಂದು ನೋಡದವರನ್ನು ಜೊತೆಗೆ ಸೇರಿಸಿಕೊಳ್ಳಲೇಬಾರದು. ಕಂಬ ಬಿದ್ದರೆ ಎಷ್ಟು ದೂರ ಹೋಗುತ್ತದೋ ಅದಕ್ಕಿಂತ ಆಚೆ ತಂತಿ ಇರಬೇಕು, ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಪರದೆಯ ಮೇಲೆ ಅಡ್ಡಡ್ಡಲಾಗಿ ಚುಕ್ಕೆಗಳ ಸಾಲು ಓಡಿದರೆ ಅದು ಆಂಟೆನಾದ ಕಾಯಿಲೆಯೇ ಅಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್, ಬೀದಿಯಲ್ಲಿ ಹೋಗುವ ಮೊಪೆಡ್, ವೆಲ್ಡಿಂಗ್ ಅಂಗಡಿ, ಬಿರುಕು ಬಿಟ್ಟ ಪಿಂಗಾಣಿ ಇನ್ಸುಲೇಟರ್, ಎಲ್ಲಿ ಕಿಡಿ ಹಾರುತ್ತದೋ ಅಲ್ಲಿಂದ ಬಂದದ್ದು. ನಾಲೆ ನೀರಿನ ಸೀಮೆಯಲ್ಲಿ ಪಂಪ್‌ಸೆಟ್ಟಿಗೆ ಕೊರತೆಯಿಲ್ಲವಾದ್ದರಿಂದ, ಚುಕ್ಕೆ ಬರುವ ಹೊತ್ತನ್ನು ಕರೆಂಟು ಬರುವ ಹೊತ್ತಿನೊಂದಿಗೆ ಹೊಂದಿಸಿ ನೋಡಿದರೆ ಮೂಲ ಸಿಗುತ್ತಿತ್ತು.

2022ರ ಹೊತ್ತಿಗೆ ದೂರದರ್ಶನ ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು ದೇಶದಾದ್ಯಂತ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿತು. ದೂರದರ್ಶನದ ಕನ್ನಡ ವಾಹಿನಿ ಚಂದನ ಈಗ ಡಿ.ಡಿ. ಫ್ರೀ ಡಿಶ್‌ನಲ್ಲಿ, ತಿಂಗಳ ಬಾಡಿಗೆಯಿಲ್ಲದೆ ಬರುತ್ತದೆ. ಉಪಗ್ರಹ ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ತಾಲ್ಲೂಕುಗಳಿಂದ ಡಿಶ್ ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ನೋಡಬೇಕು. ಅಷ್ಟು ಎತ್ತರದ ನೋಟಕ್ಕೆ ಬೆಟ್ಟದ ಕಾಟವಿಲ್ಲ. ಬೆಟ್ಟದ ನೆರಳಿನ ಹಳ್ಳಿಗಳಿಗೂ ಮೊದಲ ಬಾರಿಗೆ ಸಮಪಾಲು ಸಿಕ್ಕಿತು, ಅದು ಸಣ್ಣ ಮಾತಲ್ಲ. ಈಗ ತೊಂದರೆ ಕೊಡುವುದು ಹಿತ್ತಲ ತೆಂಗಿನ ಗರಿ, ಜೋರು ಮಳೆ, ಸಡಿಲ ಕನೆಕ್ಟರ್. ಚಿತ್ರ ನಿಧಾನವಾಗಿ ಮಸುಕಾಗುವುದಿಲ್ಲ, ಚೌಕ ಚೌಕವಾಗಿ ಒಡೆದು ಥಟ್ಟನೆ ನಿಂತುಬಿಡುತ್ತದೆ. ಹಾಗಾಗಿ ಪರದೆ ನೋಡಿ ರೋಗ ಹೇಳುವುದು ಕಷ್ಟವಾಗಿದೆ, ಬೋಲ್ಟು ಉಜ್ಜಿ ಜೋಡಣೆ ನೋಡುವ ಹಳೆಯ ಅಭ್ಯಾಸ ಮಾತ್ರ ಹಾಗೇ ಉಪಯೋಗಕ್ಕೆ ಬರುತ್ತಿದೆ.

ತಾರಸಿಯ ಕಂಬ ಗಟ್ಟಿಯಾಗಿದ್ದರೆ ಅದನ್ನು ಕೀಳಿಸಬೇಡಿ, ರೇಡಿಯೊ ಆಂಟೆನಾ ಕಟ್ಟಲು ಅದು ಬರುತ್ತದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಇಂದು ಆಕಾಶವಾಣಿ ಮೈಸೂರಾಗಿ 100.6 ಎಫ್.ಎಂ.ನಲ್ಲಿ ಬರುತ್ತಿದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ರೇಡಿಯೊ ಕರಕರ ಎನ್ನುತ್ತಿದ್ದರೆ ತಲಾ 71 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಒಂದೇ ಗೆರೆಯಲ್ಲಿ, ಒಂದಕ್ಕೊಂದು ತಾಗದಂತೆ ಮರದ ಪಟ್ಟಿಗೆ ಕೂರಿಸಿ, ನಡುವಿನ ಎರಡು ತುದಿಗಳಿಂದ ಕೇಬಲ್ ಇಳಿಸಿ. ಅಡ್ಡ ಹಿಡಿದು ಕೇಳಿ, ನೆಟ್ಟಗೆ ಹಿಡಿದು ಕೇಳಿ, ಯಾವುದು ಸ್ಪಷ್ಟವೋ ಅದನ್ನೇ ಬಿಗಿ ಮಾಡಿ. ಅಡ್ಡ ಕಟ್ಟುವುದಾದರೆ ಕಡ್ಡಿಯ ಮಗ್ಗುಲು ಮೈಸೂರಿನ ಕಡೆಗಿರಲಿ. ತುದಿಯ ದಿಕ್ಕಿನಿಂದ ಬಂದದ್ದು ಅದಕ್ಕೆ ಕೇಳಿಸುವುದಿಲ್ಲ.