ಕಷ್ಟದ ಅರ್ಜಿ ಮತ್ತು ರಸ್ತೆಯ ನ್ಯಾಯ

‘ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಲೈಸೆನ್ಸ್ ಹೋದರೆ ಮಕ್ಕಳ ಗತಿಯೇನು?’ ಅತಿವೇಗಕ್ಕಾಗಿ ಮತ್ತೆ ಮತ್ತೆ ಸಿಕ್ಕಿಬಿದ್ದ ಚಾಲಕ ಪರವಾನಗಿ ಕಳೆದುಕೊಳ್ಳುವ ಹಂತಕ್ಕೆ ಬಂದಾಗ ಕೇಳುವ ಪ್ರಶ್ನೆಯಿದು. ಇದನ್ನು ನೆಪವೆಂದು ತಳ್ಳಿಹಾಕುವುದು ಸುಲಭ. ಆದರೆ ಕೆಳದಿ ಸೀಮೆಯಂತಹ ಪ್ರದೇಶದಲ್ಲಿ ನಿಂತು ನೋಡಿದರೆ ಅದು ಅಷ್ಟು ಸರಳವಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ತೋಟ-ಗದ್ದೆಗಳ ನಡುವೆ ಚದುರಿಕೊಂಡಿವೆ. ಎಷ್ಟೋ ಹಳ್ಳಿಗಳಿಗೆ ದಿನದಲ್ಲಿ ಕೆಲವೇ ಬಸ್ಸುಗಳು. ದೊಡ್ಡ ಕಾಯಿಲೆ ಬಂದರೆ ಶಿವಮೊಗ್ಗಕ್ಕೋ ಘಟ್ಟ ಇಳಿದು ಮಣಿಪಾಲಕ್ಕೋ ಓಡಬೇಕು. ಖಾಸಗಿ ಬಸ್ಸು, ಆಟೊ, ಜೋಗ-ಸಿಗಂದೂರಿನ ಪ್ರವಾಸಿಗರನ್ನು ಹೊತ್ತ ಬಾಡಿಗೆ ಕಾರು ಇವುಗಳನ್ನು ನಂಬಿದವರಿಗೆ ಪರವಾನಗಿಯೆಂದರೆ ಅನ್ನದ ಚೀಟಿ.

ಆದರೆ ಅದೇ ರಸ್ತೆಯಲ್ಲಿ ಇತರರೂ ನಡೆಯುತ್ತಾರೆ. ಆಗುಂಬೆ, ಹುಲಿಕಲ್ ಘಾಟಿಗಳ ತಿರುವು, ಮಳೆಗಾಲದ ಮಂಜು, ಕಾಲುದಾರಿಯೇ ಇಲ್ಲದ ರಸ್ತೆಯಂಚಿನಲ್ಲಿ ಶಾಲೆಗೆ ಸಾಗುವ ಮಕ್ಕಳು. ಇವರ ಪರವಾಗಿ ಕಷ್ಟದ ಅರ್ಜಿ ಬರೆಯುವವರಿಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದುಕೊಂಡಿತು. ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ಅದು ಸಂತೋಷದ ಸಂಗತಿಯೇ. ಆದರೆ ದಾರಿ ಸಲೀಸಾದಲ್ಲೆಲ್ಲ ವೇಗದ ಆಸೆಯೂ ಬೆಳೆಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವುಗಳಲ್ಲಿ ಶೇ 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ಕಾನೂನು ಏನು ಹೇಳುತ್ತದೆ? ಅತಿವೇಗ, ಕುಡಿದು ಚಾಲನೆ ಮೊದಲಾದ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತು ಮಾಡುವಂತೆ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಇನ್ನಷ್ಟು ಬಿಗಿಯಾಗಿದೆ. ಪೊಲೀಸರು ವಶಪಡಿಸಿಕೊಂಡು ಕಳುಹಿಸಿದ ಪರವಾನಗಿಯನ್ನು ಪ್ರಾಧಿಕಾರವು ಮೊದಲ ತಪ್ಪಿಗೆ ಮೂರು ತಿಂಗಳು ತಡೆಹಿಡಿಯಬಹುದು. ತಪ್ಪು ಮರುಕಳಿಸಿದರೆ ರದ್ದುಪಡಿಸಬಹುದು.

ಆದರೆ ಅದಕ್ಕೆ ಮೊದಲು ಚಾಲಕನ ಅಹವಾಲು ಕೇಳಬೇಕು. ಕೇಳಿದ ಮೇಲೆ ಅವನನ್ನು ಬಿಟ್ಟುಬಿಡುವ ಅವಕಾಶವೂ ಉಂಟು. ಕಷ್ಟದ ಮಾತು ಒಳಹೊಗುವುದು ಈ ಬಾಗಿಲಿನಿಂದ. ಇಲ್ಲೊಂದು ವಿಚಿತ್ರವಿದೆ. ಅನರ್ಹಗೊಳಿಸುವುದಾದರೆ ಅಧಿಕಾರಿ ವಿವರವಾದ ಕಾರಣಗಳನ್ನು ಬರೆದಿಡಬೇಕೆನ್ನುವ ಕಲಮು, ಬಿಟ್ಟುಬಿಡುವುದಾದರೆ ಕಾರಣ ಬರೆಯಬೇಕೆಂದು ಹೇಳುವುದಿಲ್ಲ. ಶಿಕ್ಷೆಗೆ ಲೆಕ್ಕ ಕೊಡಬೇಕು, ಕ್ಷಮೆಗೆ ಬೇಡ. ಇಂತಹ ಕಡೆ ಶಿಫಾರಸು, ವಶೀಲಿಗಳು ಮೊದಲು ಬಂದು ನಿಲ್ಲುತ್ತವೆ. ನಿಜವಾದ ಬಡವನ ಕಷ್ಟಕ್ಕಿಂತ ಚೆನ್ನಾಗಿ ಹೇಳಿಸಿದ ಕಷ್ಟಕ್ಕೇ ಬೆಲೆ ಬರುವುದೂ ಇಲ್ಲಿಯೇ.

ನ್ಯಾಯಾಲಯಗಳು ಈ ಮಾತನ್ನು ಕೇಳದೆ ಇಲ್ಲ. ನಿರ್ಲಕ್ಷ್ಯದಿಂದ ಬಸ್ಸು ಓಡಿಸಿ ಸಾವಿಗೆ ಕಾರಣನಾದ ಚಾಲಕನಿಗೆ ಬರಿಯ ದಂಡ ಹಾಕಿದ್ದ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಆರು ತಿಂಗಳ ಕಠಿಣ ಸಜೆ ವಿಧಿಸಿತು. 2000ದಲ್ಲಿ ಹರಿಯಾಣದ ಬಸ್ ಚಾಲಕನೊಬ್ಬನ ಪ್ರಕರಣದಲ್ಲಿ, ತಪ್ಪಿತಸ್ಥನಾದರೂ ತನ್ನನ್ನು ಮೃದುವಾಗಿ ಕಾಣುತ್ತಾರೆಂಬ ಭರವಸೆ ವೃತ್ತಿನಿರತ ಚಾಲಕನಿಗೆ ಇರಕೂಡದೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಇವೆರಡೂ ಜೀವ ಹೋದ ಮೇಲಿನ ತೀರ್ಪುಗಳು. ಜೀವ ಹೋಗುವ ಮುನ್ನವೇ ತಡೆಯುವ ಸಾಧನ ಪರವಾನಗಿಯ ಅಮಾನತು. ಅಲ್ಲಿ ಸಡಿಲಬಿಟ್ಟು ಇಲ್ಲಿ ಬಿಗಿಯಾದರೆ ಏನು ಪ್ರಯೋಜನ?

ದಂಡವೊಂದೇ ಸಾಕೆನ್ನುವವರು 2023ರ ಫೆಬ್ರುವರಿಯನ್ನು ನೆನೆಯಲಿ. ಬಾಕಿ ಉಳಿದ ಸಂಚಾರ ದಂಡಗಳಿಗೆ ರಾಜ್ಯ ಸರ್ಕಾರ ಆಗ ಶೇ 50ರ ರಿಯಾಯಿತಿ ಕೊಟ್ಟಿತು. ಅರ್ಧ ಬೆಲೆಗೆ ತೀರುವ ದಂಡ ಶಿಕ್ಷೆಯಾಗಿ ಉಳಿಯದೆ ಕರವಾಗುತ್ತದೆ. ಉಳ್ಳವನಿಗೆ ಅದು ಜೇಬಿನ ಚಿಲ್ಲರೆ, ಇಲ್ಲದವನಿಗೆ ವಾರದ ದುಡಿಮೆ. ಸ್ಟಿಯರಿಂಗ್ ಬಿಟ್ಟು ಕೂರಬೇಕಾದ ಮೂರು ತಿಂಗಳಲ್ಲಾದರೋ ಹಣ ಕೊಟ್ಟು ದಿನ ಕಳೆದುಕೊಳ್ಳಲಾಗದು.

ಇಂಗ್ಲೆಂಡಿನಲ್ಲಿ ಮೂರು ವರ್ಷದೊಳಗಿನ ತಪ್ಪುಗಳಿಗೆ 12 ಅಂಕ ಸೇರಿದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ನಿಷೇಧ. ಕಷ್ಟವನ್ನು ಹೇಳಿಕೊಳ್ಳಬಹುದು, ಆದರೆ ಅದು ಅಸಾಧಾರಣವಾದ ಕಷ್ಟವಾಗಿರಬೇಕು. ಒಮ್ಮೆ ಒಪ್ಪಿತವಾದ ಕಾರಣವನ್ನು ಮೂರು ವರ್ಷ ಮತ್ತೆ ಹೇಳುವಂತಿಲ್ಲ. ನಮ್ಮ ಕಾಯ್ದೆಯಂತೆ ಆ ಕಾಯ್ದೆಯೂ 1988ರದು. ನಿಯಮ ಪರಿಪೂರ್ಣವಲ್ಲ, ಆದರೂ ಒಂದೇ ಕಣ್ಣೀರನ್ನು ಎರಡು ಬಾರಿ ಎಣಿಸಬಾರದೆಂಬ ವಿವೇಕ ಅದರಲ್ಲಿದೆ.

ವಿವೇಕಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪನಾಯಕ ಭೂಮಿಯ ಗುಣವನ್ನು ನೋಡಿ, ವರ್ಷಾನುಗಟ್ಟಲೆ ಇಳುವರಿ ಪರೀಕ್ಷಿಸಿ, ದರ್ಜೆ ಕಟ್ಟಿ ಕಂದಾಯ ಗೊತ್ತುಮಾಡಿದ. ಬಡ ನೆಲಕ್ಕೆ ಕಡಿಮೆ, ಒಳ್ಳೆಯ ನೆಲಕ್ಕೆ ಹೆಚ್ಚು. ‘ಶಿವಪ್ಪನಾಯಕನ ಶಿಸ್ತು’ ಎಂದು ಜನ ಇಂದಿಗೂ ಹೇಳುವ ಆ ಪದ್ಧತಿಯಲ್ಲಿ ಕಷ್ಟಕ್ಕೆ ಸ್ಥಾನವಿತ್ತು. ಅದು ಅಳತೆಯ ಒಳಗಿತ್ತು.

ಚಾಲಕರ ವಿಷಯದಲ್ಲೂ ಅದು ಸಾಧ್ಯ. ಎಲ್ಲ ವರ್ಗದ ವಾಹನಗಳಿಗೂ ಅನರ್ಹಗೊಳಿಸಬೇಕೆಂದಿಲ್ಲ, ಯಾವುದಾದರೂ ಒಂದು ವರ್ಗಕ್ಕೆ ಸೀಮಿತಗೊಳಿಸಬಹುದೆಂದು ಕಾಯ್ದೆಯೇ ಹೇಳುತ್ತದೆ. ಬಸ್ಸಿನಿಂದ ಇಳಿಸಿದವನಿಗೆ ಆಸ್ಪತ್ರೆಗೆ ಹೋಗಲು ಸ್ಕೂಟರು ಉಳಿಸಬಹುದು. ಬಿಟ್ಟುಬಿಡುವ ಆದೇಶಕ್ಕೂ ಲಿಖಿತ ಕಾರಣ ಕಡ್ಡಾಯವಾಗಲಿ. ಕಷ್ಟದ ವಿನಾಯಿತಿ ಮೊದಲ ಬಾರಿಗೆ ಮಾತ್ರ, ದಾಖಲೆಯ ಆಧಾರದ ಮೇಲೆ ಸಿಗಲಿ. ಎರಡನೆಯ ಬಾರಿ ತಪ್ಪಿದವನಿಗೆ ತನ್ನ ಅನ್ನದ ಮೂಲ ಯಾವುದೆಂದು ಮೊದಲೇ ತಿಳಿದಿತ್ತು. ಅದನ್ನು ಪಣಕ್ಕಿಟ್ಟವನು ಅವನೇ.

ಹಾಗೆಂದು ಹೊಣೆಯೆಲ್ಲ ಚಾಲಕನದೇ ಅಲ್ಲ. ಅತಿವೇಗದ 183ನೆಯ ಕಲಮು ನೌಕರನಿಂದ ಅತಿವೇಗ ಮಾಡಿಸಿದವನನ್ನೂ ತಪ್ಪಿತಸ್ಥನೆನ್ನುತ್ತದೆ. ಮಿತಿ ಮೀರದೆ ಪಾಲಿಸಲಾಗದ ವೇಳಾಪಟ್ಟಿಯನ್ನು ಪ್ರಕಟಿಸಿದರೆ ಆ ವೇಳಾಪಟ್ಟಿಯೇ ಮೇಲ್ನೋಟದ ಸಾಕ್ಷ್ಯವೆಂದೂ ಹೇಳುತ್ತದೆ. ಹಿಂದೆ ಬರುವ ಬಸ್ಸಿನ ‘ಟೈಮ್’ ಭಯದಲ್ಲಿ ಘಾಟಿಯ ತಿರುವುಗಳನ್ನು ದಾಟುವ ಚಾಲಕನ ಬೆನ್ನಿಗೆ ಮಾಲೀಕನ ಗಡಿಯಾರವಿದೆ. ಸಾರಿಗೆ ಇಲಾಖೆ ಆ ಗಡಿಯಾರವನ್ನೂ ಕಟಕಟೆಗೆ ತಂದರೆ ಕಷ್ಟದ ಅರ್ಜಿಗಳು ತಾವಾಗಿಯೇ ಕಡಿಮೆಯಾದಾವು.